ಸೈಕಲ್ ಕೆಲಸಕ್ಕೆ ಬರಲಿ

ನಡುವಯಸ್ಸಿನವರ ಮನೆಗೆ ಸೈಕಲ್ ಮರಳಿ ಬರುವುದು ಹೆಚ್ಚಾಗಿ ರಕ್ತಪರೀಕ್ಷೆಯ ವರದಿಯ ಬೆನ್ನಿಗೇ. ಮೂರು ತಿಂಗಳ ಸರಾಸರಿ ಸಕ್ಕರೆ ಗಡಿ ಮುಟ್ಟಿರುತ್ತದೆ, ಬಿಪಿ ಮಾತ್ರೆ ಶುರುವಾಗಿರುತ್ತದೆ, ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಿರುತ್ತದೆ. ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಓಡಲು ಮಂಡಿ ಬಿಡುವುದಿಲ್ಲ, ಜಿಮ್ಮಿಗೆ ಹೋಗಲು ಮನಸ್ಸಾಗುವುದಿಲ್ಲ. ಆಗ ಹೈಸ್ಕೂಲಿನ ದಿನಗಳ ಸೈಕಲ್ ನೆನಪಾಗುತ್ತದೆ. ಗೇರಿರುವ ಹೊಸ ಸೈಕಲ್ಲೊಂದು ಮನೆಗೆ ಬರುತ್ತದೆ, ಜೊತೆಗೆ ಹೆಲ್ಮೆಟ್ಟು, ಗ್ಲೌಸು. ಸ್ವಲ್ಪ ಕಾಲ ಬೆಳಗಿನ ಜಾವ ಊರಾಚೆ ಹೋಗಿ ಬರುವುದು ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಮಳೆಗಾಲ ಬರುತ್ತದೆ, ಮಕ್ಕಳ ಪರೀಕ್ಷೆ ಬರುತ್ತದೆ, ಊರಿನಲ್ಲೊಂದು ಮದುವೆ ಬರುತ್ತದೆ. ಸೈಕಲ್ ಬಾಲ್ಕನಿಯ ಮೂಲೆ ಸೇರುತ್ತದೆ, ಟೈರಿನ ಗಾಳಿ ಇಳಿಯುತ್ತದೆ.

ಹೀಗಾದಾಗ ನಮ್ಮ ಸೋಮಾರಿತನವನ್ನು ನಾವೇ ಬೈದುಕೊಳ್ಳುತ್ತೇವೆ. ಆದರೆ ಮೂಲ ಕಾರಣ ಬೇರೆಯೇ ಇದೆ ಎಂದು ನನಗನ್ನಿಸುತ್ತದೆ. ಕೊಂಡು ತಂದ ಸೈಕಲ್ಲಿಗೆ ನಾವು ಯಾವ ಕೆಲಸವನ್ನೂ ಕೊಟ್ಟಿರುವುದಿಲ್ಲ. ಎಲ್ಲಿಗೂ ಹೋಗಬೇಕಾಗಿಲ್ಲದ ಸೈಕಲ್ಲನ್ನು ದಿನವೂ ಹೊರಗೆ ತೆಗೆಯಬೇಕಾದರೆ ಪ್ರತಿದಿನ ಮನಸ್ಸನ್ನು ಹೊಸದಾಗಿ ಒಪ್ಪಿಸಬೇಕು. ಸಂಸಾರ, ಕಚೇರಿ, ವಯಸ್ಸಾದ ತಂದೆ ತಾಯಿ, ಓದುವ ಮಕ್ಕಳು ಎಂದು ಹತ್ತು ಕಡೆ ಎಳೆದಾಡುವ ಈ ವಯಸ್ಸಿನಲ್ಲಿ ಮನಸ್ಸು ಅಷ್ಟು ಸಲ ಒಪ್ಪುವುದಿಲ್ಲ. ಅದೇ ಸೈಕಲ್ ತರಕಾರಿಗೆ, ಬ್ಯಾಂಕಿಗೆ, ಮೆಟ್ರೋ ನಿಲ್ದಾಣಕ್ಕೆ, ಆಫೀಸಿಗೆ ಹೋಗುವ ವಾಹನವಾದರೆ ಒಪ್ಪಿಸುವ ಪ್ರಶ್ನೆಯೇ ಬರುವುದಿಲ್ಲ. ಮನೆಯಲ್ಲಿ ಸೊಪ್ಪು ಮುಗಿದಿದೆ, ಹೋಗಲೇಬೇಕು. ಆರೋಗ್ಯಕ್ಕೆಂದು ಸೈಕಲ್ ಹಿಡಿದವರು ಅದನ್ನು ಮೊದಲು ವಾಹನವಾಗಿ ಬಳಸಬೇಕು. ಹಾಗೆ ಬಳಸಿದರೆ ವ್ಯಾಯಾಮ ತಾನಾಗಿಯೇ ಆಗುತ್ತದೆ.

ಈಗ ನಲವತ್ತೈದು, ಐವತ್ತರ ಆಸುಪಾಸಿನಲ್ಲಿರುವವರ ಬಾಲ್ಯವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ, ಸೀಟಿನಿಂದ ಪೆಡಲಿಗೆ ಕಾಲು ಎಟುಕದೆ ಒಳಪೆಡಲು ಹೊಡೆದು ಕಲಿತವರು ನಾವು. ಹಳ್ಳಿಯಿಂದ ಹೋಬಳಿಯ ಹೈಸ್ಕೂಲಿಗೆ ಹೋದದ್ದು, ಹಿಂದಿನ ಕ್ಯಾರಿಯರಿನಲ್ಲಿ ತಂಗಿಯನ್ನೋ ಹಿಟ್ಟಿನ ಚೀಲವನ್ನೋ ಇಟ್ಟುಕೊಂಡು ಬಂದದ್ದು ಎಲ್ಲವೂ ಸೈಕಲ್ಲಿನಲ್ಲೇ. ವ್ಯಾಯಾಮ ಮಾಡುತ್ತಿದ್ದೇವೆ ಎಂಬ ಯೋಚನೆ ಆಗ ಯಾರಿಗೂ ಇರಲಿಲ್ಲ. ಮೊದಲ ಸಂಬಳದೊಂದಿಗೆ ಮೊಪೆಡ್ಡೋ ಸ್ಕೂಟರೋ ಬಂತು, ಆಮೇಲೆ ಬೈಕು, ಕಾರು. ಸೈಕಲ್ ತುಳಿಯುವುದೆಂದರೆ ಕೈಯಲ್ಲಿ ಕಾಸಿಲ್ಲ ಎಂಬ ಅರ್ಥ ಬಂತು. ದಿನದ ಓಡಾಟದೊಳಗೆ ಬೆರೆತಿದ್ದ ಶ್ರಮ ಹೀಗೆ ಹೊರಟುಹೋಯಿತು, ಆ ಜಾಗಕ್ಕೆ ಬೇರೇನೂ ಬರಲಿಲ್ಲ. ಇದರ ಫಲ ಇವತ್ತು ನಮ್ಮ ಕಣ್ಣಮುಂದಿದೆ. ಐಸಿಎಂಆರ್ ಬೆಂಬಲದ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಇದಕ್ಕೆ ಊಟ, ಒತ್ತಡ, ವಂಶವಾಹಿ ಎಲ್ಲವೂ ಕಾರಣವೇ. ಆದರೂ ಮೈ ಅಲುಗದ ದಿನಚರಿಯ ಪಾಲು ಅದರಲ್ಲಿ ಚಿಕ್ಕದಲ್ಲ.

ಕೆಲಸದೊಳಗಿನ ಶ್ರಮಕ್ಕೆ ಹೃದಯ ಕಾಯುವ ಶಕ್ತಿಯಿದೆ ಎಂದು ಮೊದಲು ಎತ್ತಿ ತೋರಿಸಿದವರಲ್ಲಿ ಬ್ರಿಟನ್ನಿನ ಜೆರ್ರಿ ಮಾರಿಸ್ ಪ್ರಮುಖರು. 1953ರಲ್ಲಿ ಪ್ರಕಟವಾದ ಅವರ ಅಧ್ಯಯನ ಲಂಡನ್ನಿನ ಬಸ್ ಸಿಬ್ಬಂದಿಯನ್ನು ಕುರಿತದ್ದು. ದಿನವಿಡೀ ಕೂತೇ ಇರುವ ಡ್ರೈವರುಗಳಿಗೆ ಹೋಲಿಸಿದರೆ, ಡಬಲ್ ಡೆಕ್ಕರಿನ ಮೆಟ್ಟಿಲು ಹತ್ತಿಳಿಯುತ್ತ ಟಿಕೆಟ್ ಕೊಡುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆಯಿತ್ತು. ಅಂಚೆ ಇಲಾಖೆಯಲ್ಲೂ ಹಾಗೆಯೇ. ನಡೆದು, ಸೈಕಲ್ ತುಳಿದು ಕಾಗದ ಹಂಚುವವರು ಕುರ್ಚಿಯ ಮೇಲೆ ಕೆಲಸ ಮಾಡುವವರಿಗಿಂತ ಗಟ್ಟಿಯಾಗಿದ್ದರು. ಮಾರಿಸ್ ಅಷ್ಟಕ್ಕೇ ನಿಲ್ಲಲಿಲ್ಲ. ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿ, ಡ್ರೈವರುಗಳ ಸೊಂಟದ ಸುತ್ತಳತೆಯೇ ಕಂಡಕ್ಟರುಗಳದ್ದಕ್ಕಿಂತ ದೊಡ್ಡದು ಎಂಬುದನ್ನೂ 1956ರಲ್ಲಿ ಪ್ರಕಟಿಸಿದರು. ಮೈ ದಪ್ಪಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರಿದ್ದಿರಬಹುದು. ವ್ಯತ್ಯಾಸಕ್ಕೆ ಮೆಟ್ಟಿಲೊಂದೇ ಕಾರಣವೆಂದು ಹೇಳಿಬಿಡುವುದು ಸುಲಭವಲ್ಲ ಎಂಬ ಆ ಎಚ್ಚರ ಇಂಥ ಎಲ್ಲ ಅಧ್ಯಯನಗಳಿಗೂ ಬೇಕು. ಸೈಕಲ್ ತುಳಿಯುವವರು ಮೊದಲೇ ಆರೋಗ್ಯವಂತರಾಗಿದ್ದಿರಬಹುದು.

ಆ ಎಚ್ಚರವನ್ನಿಟ್ಟುಕೊಂಡೇ ಡೆನ್ಮಾರ್ಕಿನ ಒಂದು ಅಧ್ಯಯನವನ್ನು ನೋಡಬೇಕು. 2016ರಲ್ಲಿ ಪ್ರಕಟವಾದ ಇದು 50ರಿಂದ 65 ವರ್ಷದ 50 ಸಾವಿರಕ್ಕೂ ಹೆಚ್ಚು ಜನರನ್ನು ಸರಾಸರಿ 14 ವರ್ಷ ಹಿಂಬಾಲಿಸಿತು. ಮೊದಲು ಸೈಕಲ್ ತುಳಿಯದೆ ಇದ್ದು, ಆ ವಯಸ್ಸಿನಲ್ಲಿ ರೂಢಿ ಮಾಡಿಕೊಂಡವರಿಗೆ ಮಧುಮೇಹ ಬರುವ ಸಾಧ್ಯತೆ, ತುಳಿಯದೇ ಉಳಿದವರಿಗಿಂತ ಶೇ. 20ರಷ್ಟು ಕಡಿಮೆಯಿತ್ತು. ಐವತ್ತು ದಾಟಿದ ಮೇಲೆ ಹಿಡಿದರೂ ತಡವಾಗಿಲ್ಲ ಎಂಬ ಈ ಮಾತು ನಮ್ಮ ಪೀಳಿಗೆಗೆ ಬಹಳ ಮುಖ್ಯ. ಇದು ಹೇಗೆ ಸಾಧ್ಯ ಎಂಬುದಕ್ಕೆ ದೇಹದೊಳಗೇ ಉತ್ತರವಿದೆ. ತೊಡೆ ಮತ್ತು ನಿತಂಬದ ಸ್ನಾಯುಗಳು ನಮ್ಮ ಮೈಯಲ್ಲೇ ದೊಡ್ಡವು. ಪೆಡಲ್ ತುಳಿಯುವಾಗ ಅವು ಇನ್ಸುಲಿನ್ನಿಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ತುಳಿದು ಮುಗಿಸಿದ ಮೇಲೂ ಸ್ವಲ್ಪ ಕಾಲ ಅವಕ್ಕೆ ಇನ್ಸುಲಿನ್ನಿನ ಮಾತು ಚೆನ್ನಾಗಿ ಕೇಳಿಸುತ್ತದೆ. ಆ ಪರಿಣಾಮ ಒಂದೆರಡು ದಿನದಲ್ಲಿ ಇಳಿದುಹೋಗುವುದರಿಂದಲೇ ಭಾನುವಾರದ ಒಂದು ದೊಡ್ಡ ಸುತ್ತಿಗಿಂತ ದಿನದಿನದ ಸಣ್ಣ ಸುತ್ತು ಸಕ್ಕರೆಯ ಹತೋಟಿಗೆ ಹೆಚ್ಚು ಅನುಕೂಲ.

ವಾಹನವಾಗಿ ಬಳಸಿ ಎನ್ನಲು ಇನ್ನೊಂದು ಆಧಾರವೂ ಇದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಅದು ಕೈಬಿಟ್ಟಿತು. ಚೂರುಪಾರು ಶ್ರಮವೂ ಲೆಕ್ಕಕ್ಕೆ ಬರುತ್ತದೆ. ಮೂರು ಮೂರೂವರೆ ಕಿಲೋಮೀಟರ್ ದೂರದ ಆಫೀಸಿಗೋ ಮೆಟ್ರೋ ನಿಲ್ದಾಣಕ್ಕೋ ಆರಾಮಾಗಿ ಹೋಗಲು 15 ನಿಮಿಷ, ಬರಲು 15 ನಿಮಿಷ. ವಾರದಲ್ಲಿ ಐದು ದಿನ ಹೋಗಿ ಬಂದರೆ 150 ನಿಮಿಷ ಆಗಿಹೋಯಿತು. ಟ್ರಾಫಿಕ್ಕಿನಲ್ಲಿ ಅಷ್ಟೇ ದೂರಕ್ಕೆ ಕಾರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುವ ಊರುಗಳಲ್ಲಿ ಈ ಆರೋಗ್ಯಕ್ಕೆಂದು ಬೇರೆ ಸಮಯ ತೆಗೆಯಬೇಕಾಗಿಯೇ ಇಲ್ಲ.

ಹಾಗೆಂದು ಸೈಕಲ್ ಕ್ರೀಡೆಯನ್ನು ನಾನು ಕಡೆಗಣಿಸುತ್ತಿಲ್ಲ. ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ಹುಡುಗ ಹುಡುಗಿಯರು ರೇಸುಗಳಲ್ಲಿ ಗಳಿಸಿದ ಹೆಸರು ನಾಡಿಗೆ ಹೆಮ್ಮೆಯದು. ನಂದಿಬೆಟ್ಟವನ್ನೋ ಚಾಮುಂಡಿ ಬೆಟ್ಟವನ್ನೋ ತುಳಿದು ಹತ್ತಿದವರ ಸಂತೋಷ ದೊಡ್ಡದು. ಆದರೆ ಮೂವತ್ತು ವರ್ಷ ಬಿಟ್ಟು ಮತ್ತೆ ಹತ್ತಿದವರು ಬೆಟ್ಟದಿಂದ ಶುರುಮಾಡಬಾರದು. ಶುರುಮಾಡಬೇಕಾದದ್ದು ಸೀಟಿನಿಂದ. ನಮ್ಮಲ್ಲಿ ಬಹಳ ಮಂದಿ ಎರಡೂ ಪಾದ ನೆಲಕ್ಕೆ ಊರುವಂತೆ ಸೀಟನ್ನು ತಗ್ಗಿಸಿಕೊಂಡು ತುಳಿಯುತ್ತಾರೆ. ಆಗ ಮಂಡಿ ಪ್ರತಿ ಸುತ್ತಿನಲ್ಲೂ ಅತಿಯಾಗಿ ಮಡಚಿ, ಚಿಪ್ಪಿನ ಹಿಂದೆ ನೋವು ಶುರುವಾಗುತ್ತದೆ. ಬೈಗುಳ ಸೈಕಲ್ಲಿಗೆ ಬೀಳುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾದರೆ ಸೀಟಿನ ಎತ್ತರ ಸರಿಯಿದೆ. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುವುದರಿಂದ ಮಂಡಿ ಎಷ್ಟು ಬೇಕೋ ಅಷ್ಟೇ ಬಾಗುತ್ತದೆ. ಅಂಗಡಿಯವನ ಸ್ಪ್ಯಾನರಿಗೆ ಒಂದು ನಿಮಿಷದ ಕೆಲಸ ಇದು, ಆದರೆ ಮಂಡಿ ಉಳಿಯುವುದು ಇದರಿಂದಲೇ. ಗೇರಿದ್ದರೆ ಹಗುರದ ಗೇರಿನಲ್ಲೇ ಕಾಲು ಚುರುಕಾಗಿ ಆಡಲಿ. ಭಾರದ ಗೇರಿನಲ್ಲಿ ಏರು ಹತ್ತುವ ಹಟ ಬೇಡ. ಪಕ್ಕದವರೊಡನೆ ಮಾತಾಡಲು ಆಗಿ, ಹಾಡಲು ಆಗದಷ್ಟು ಉಸಿರಿದ್ದರೆ ಬಿರುಸು ಸಾಕು.

ಎದೆಯಲ್ಲಿ ಬಿಗಿತ, ತಲೆಸುತ್ತು, ಎಡಗೈಯಲ್ಲಿ ನೋವು ಕಂಡರೆ ತಕ್ಷಣ ಇಳಿದು ಡಾಕ್ಟರನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ಇಳಿದೀತೆಂಬ ಎಚ್ಚರದಿಂದ ಜೇಬಿನಲ್ಲಿ ಸಿಹಿ ಇಟ್ಟುಕೊಳ್ಳಬೇಕು. ಸೈಕಲ್ಲಿನಿಂದ ಎಲ್ಲವೂ ಆಗುತ್ತದೆಂದೂ ತಿಳಿಯಬಾರದು. ಮೈಭಾರ ಸೀಟಿನ ಮೇಲಿರುವುದರಿಂದ ಮಂಡಿಗೆ ಹಿತ, ಆದರೆ ಅದೇ ಕಾರಣಕ್ಕೆ ಮೂಳೆಗೆ ಬೇಕಾದಷ್ಟು ಕೆಲಸ ಸಿಗುವುದಿಲ್ಲ. ನಡಿಗೆಯೂ ವಾರಕ್ಕೆರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಜೊತೆಗಿರಬೇಕು.

ಈಗ ದೊಡ್ಡ ಆಕ್ಷೇಪಕ್ಕೆ ಬರೋಣ: ಈ ರಸ್ತೆಗಳಲ್ಲಿ ಸೈಕಲ್ಲೇ? ಈ ಭಯ ನಿಜವಾದದ್ದು, ಅದನ್ನು ಸಣ್ಣದು ಮಾಡಿ ಮಾತಾಡುವುದು ತಪ್ಪು. ಹೊಗೆಯ ವಿಷಯದಲ್ಲಿ ಸ್ವಲ್ಪ ಸಮಾಧಾನವಿದೆ. ದೆಹಲಿಯಷ್ಟು ಕೆಟ್ಟ ಗಾಳಿಯಲ್ಲೂ ವಾರಕ್ಕೆ ಐದು ಗಂಟೆ ಮೀರುವವರೆಗೆ ಸೈಕಲ್ ತುಳಿಯುವ ಲಾಭವೇ ಹೊಗೆಯ ಹಾನಿಗಿಂತ ಹೆಚ್ಚು ಎಂದು ಕೇಂಬ್ರಿಜ್ ಸಂಶೋಧಕರ ತಂಡವೊಂದು 2016ರಲ್ಲಿ ಲೆಕ್ಕ ಹಾಕಿ ತೋರಿಸಿದೆ. ಬಸ್ಸು ಲಾರಿಗಳ ಭಯಕ್ಕೆ ಅಂಥ ಸುಲಭ ಸಮಾಧಾನವಿಲ್ಲ. ಮುಖ್ಯರಸ್ತೆ ಬಿಟ್ಟು ಬಡಾವಣೆಯ ಕ್ರಾಸುಗಳಲ್ಲಿ ಹಾದಿ ಹುಡುಕಿಕೊಳ್ಳುವುದು, ಹಿಂದೆ ಮುಂದೆ ದೀಪ, ಹೆಲ್ಮೆಟ್, ನಿಲ್ಲಿಸಿದ ಕಾರಿನ ಬಾಗಿಲು ತೆರೆದೀತೆಂದು ಒಂದು ಮಾರು ದೂರ ಉಳಿಯುವುದು, ಇಷ್ಟು ನಮ್ಮ ಕೈಯಲ್ಲಿದೆ. ಉಳಿದದ್ದು ನಗರದ ಕೈಯಲ್ಲಿದೆ, ಅಲ್ಲಿ ನಾವು ಸೋತಿದ್ದೇವೆ. ಬೆಂಗಳೂರಿನ ಜಯನಗರದಲ್ಲಿ ಗುರುತಿಸಿದ ಸೈಕಲ್ ಪಥಗಳ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಮಾಡಿದ ಪಥ ಉಳಿದು ಬೆಳೆಯಲಿಲ್ಲ. ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ವ್ಯವಸ್ಥೆ ಮಾತ್ರ, ಅಗಲದ ಬೀದಿಗಳ ಊರಿನಲ್ಲಿ ಇದು ಆಗಬಲ್ಲದು ಎಂಬ ಭರವಸೆ ಕೊಟ್ಟಿತು.

ಈ ಸೋಲಿಗೆ ಒಂದು ಕಾರಣ, ಸೈಕಲ್ ತುಳಿಯುವವರ ಮಾತಿಗೆ ಬೆಲೆಯಿಲ್ಲದಿರುವುದು. 2011ರ ಜನಗಣತಿಯಲ್ಲಿ ದೇಶದ ನೂರಕ್ಕೆ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಇವತ್ತಿಗೂ ಗಾರೆ ಕೆಲಸದವರು, ಅಪಾರ್ಟ್‌ಮೆಂಟಿನ ವಾಚ್‌ಮನ್‌ಗಳು, ಪೇಪರ್ ಹಾಕುವವರು ಸೈಕಲ್ಲಿನ ಮೇಲೆಯೇ ಕೆಲಸಕ್ಕೆ ಬರುತ್ತಾರೆ. ಅವರು ಸೈಕಲ್ಲನ್ನು ಬಿಟ್ಟೇ ಇಲ್ಲ, ಬಿಡುವ ಅನುಕೂಲವೂ ಅವರಿಗಿಲ್ಲ. ರಸ್ತೆ ಅಗಲ ಮಾಡುವಾಗ, ಫ್ಲೈಓವರ್ ಕಟ್ಟುವಾಗ ಅವರನ್ನು ಯಾರೂ ಕೇಳುವುದಿಲ್ಲ. ಪಾಲಿಕೆಗೆ ಅರ್ಜಿ ಬರೆಯಬಲ್ಲ, ಪತ್ರಿಕೆಗೆ ಪತ್ರ ಹಾಕಬಲ್ಲ ನಡುವಯಸ್ಸಿನ ಮಧ್ಯಮವರ್ಗದವರು ಬೆಳಿಗ್ಗೆ ಐದಕ್ಕೆ ಖಾಲಿ ರಸ್ತೆಯಲ್ಲಿ ತುಳಿದು ಮನೆ ಸೇರಿಕೊಂಡರೆ ಒಂಬತ್ತು ಗಂಟೆಯ ರಸ್ತೆಯ ಕಷ್ಟ ಅವರಿಗೆ ತಿಳಿಯುವುದೇ ಇಲ್ಲ. ಅದೇ ಒಂಬತ್ತಕ್ಕೆ ಅವರೂ ಕೆಲಸಕ್ಕೆ ಸೈಕಲ್ಲಿನಲ್ಲೇ ಹೊರಟರೆ ಆ ಕಷ್ಟ ಇಬ್ಬರದೂ ಆಗುತ್ತದೆ. ವಾಹನವಾಗಿ ಬಳಸಿ ಎಂಬ ನನ್ನ ವಾದಕ್ಕೆ ಆರೋಗ್ಯ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ.

ಹೆಂಗಸರ ವಿಷಯದಲ್ಲಿ ಇನ್ನೂ ಒಂದು ಅಡ್ಡಿಯಿದೆ. ಹೈಸ್ಕೂಲು ಮುಗಿಯುವವರೆಗೆ ಸೈಕಲ್ ತುಳಿದ ಹುಡುಗಿ ಮದುವೆಯಾದ ಮೇಲೆ ತುಳಿದರೆ ಜನ ತಿರುಗಿ ನೋಡುತ್ತಾರೆ. ನಮ್ಮ ರಾಜ್ಯ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಹಳ್ಳಿಯ ಎಷ್ಟೋ ಹುಡುಗಿಯರ ಓದು ಮುಂದುವರಿಯಲು ನೆರವಾಯಿತು. ಆ ಹುಡುಗಿಯರಲ್ಲಿ ಮೊದಲಿನವರು ಈಗ ಮೂವತ್ತು ದಾಟಿದ್ದಾರೆ. ಅವರು ನಡುವಯಸ್ಸಿಗೆ ಬರುವಷ್ಟರಲ್ಲಿ ಈ ದೃಷ್ಟಿ ಬದಲಾಗಬೇಕು. ಬದಲಾಗಬಲ್ಲದು ಎಂಬುದಕ್ಕೆ ನೆರೆಯ ತಮಿಳುನಾಡಿನ ಪುದುಕೋಟೆ ಸಾಕ್ಷಿ. 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಸಾಕ್ಷರತಾ ಆಂದೋಲನದ ಭಾಗವಾಗಿ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ನೀರು ತರಲು, ಪೇಟೆಗೆ ಹೋಗಲು, ಮಕ್ಕಳನ್ನು ಕರೆದೊಯ್ಯಲು ಅದನ್ನು ಬಳಸಿದರು. ಬಳಕೆಗೆ ಬಂದದ್ದರಿಂದಲೇ ಅದು ಅವರ ಬದುಕಿನಲ್ಲಿ ನೆಲೆ ಕಂಡಿತು.

ಆದ್ದರಿಂದ ಈ ವಯಸ್ಸಿನಲ್ಲಿ ಸೈಕಲ್ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಎಷ್ಟು ಗೇರಿನದು ಬೇಕೆಂದು ಯೋಚಿಸುವ ಮೊದಲು, ವಾರದ ಯಾವ ಕೆಲಸವನ್ನು ಅದಕ್ಕೆ ಒಪ್ಪಿಸುತ್ತೀರಿ ಎಂದು ತೀರ್ಮಾನಿಸಿ. ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು, ಬೆಲ್ಲು, ಬೀಗ ಇರುವ ಸೈಕಲ್ಲನ್ನೇ ಆರಿಸಿ. ಆಫೀಸಿನಲ್ಲಿ, ಮಾರುಕಟ್ಟೆಯಲ್ಲಿ ಸೈಕಲ್ ನಿಲ್ಲಿಸಲು ನೆರಳಿನ ಜಾಗ ಕೇಳಿ. ವಾರ್ಡಿನ ಸಭೆ ನಡೆದರೆ ಹೋಗಿ ಸೈಕಲ್ ಪಥದ ಮಾತೆತ್ತಿ. ನಿಮಗೆ ಸಿಗುವ ಆ ಪಥದಲ್ಲಿ ಗಾರೆ ಕೆಲಸದವನೂ ಶಾಲೆಯ ಹುಡುಗಿಯೂ ಜೀವಭಯವಿಲ್ಲದೆ ಹೋಗಿ ಬರುತ್ತಾರೆ. ಒಬ್ಬರ ಸಕ್ಕರೆ ಇಳಿಯಲೆಂದು ಶುರುವಾದ ರೂಢಿಯಿಂದ ಒಂದು ಬಡಾವಣೆಯ ರಸ್ತೆಯೇ ಎಲ್ಲರಿಗೂ ಸುರಕ್ಷಿತವಾಗುವುದಾದರೆ, ಆರೋಗ್ಯವೆಂಬುದನ್ನು ಅಷ್ಟು ವಿಶಾಲವಾಗಿ ಬಯಸುವ ಹಕ್ಕು ನಮಗಿದೆ, ಬಯಸುವ ಹೊಣೆಯೂ ಇದೆ.