ಪಾತ್ರೆ ತೊಳೆದರೆ ಮಾನ ಹೋಗುತ್ತದೆಯೆ?

ಮಗ ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ ಎಂದರೆ ಸಾಕು, ನಮ್ಮ ಊರುಗಳಲ್ಲಿ ಅರಿಸಿನ ಕುಂಕುಮಕ್ಕೆ ಹೋದಾಗ ಆ ತಾಯಿಗೆ ಸಿಗುವ ಮರ್ಯಾದೆಯೇ ಬೇರೆ. "ಅಲ್ಲಿ ಏನು ಓದ್ತಾನೆ?" ಎಂದು ಕೇಳುವವರು ಕಡಿಮೆ. "ಎಷ್ಟು ಬರುತ್ತಂತೆ?" ಎನ್ನುವವರೇ ಎಲ್ಲ. ಓದಲು ಹೋದವನಿಗೆ ಬರುವುದೇನು, ಹೋಗುವುದೇ ಹೆಚ್ಚು ಎಂದರೆ, ಈ ಟೀಚರಮ್ಮನಿಗೆ ಹೊಟ್ಟೆಕಿಚ್ಚು ಎಂದಾರು. ಅಂದರೂ ಸರಿಯೇ, ಹೇಳಿಬಿಡುತ್ತೇನೆ.

ಮೊದಲು ಲೆಕ್ಕ ನೋಡಿ. ಕಾಲೇಜಿನ ಫೀಸು ಒಂದು ಕಡೆ ಇರಲಿ. ಒಂದು ವರ್ಷದ ಎಂ.ಎಸ್ಸಿ.ಗೆ ವೀಸಾ ಬೇಕಾದರೆ ಒಂಬತ್ತು ತಿಂಗಳ ಊಟ ವಸತಿಯ ಹಣ 28 ದಿನ ಬ್ಯಾಂಕಿನಲ್ಲಿ ಅಲುಗದೆ ಇರಬೇಕು. ಅಲ್ಲಿನ ಸರ್ಕಾರಿ ವೈದ್ಯರ ಸೌಲಭ್ಯಕ್ಕೆಂದು 2024ರ ಫೆಬ್ರವರಿಯಿಂದ ವರ್ಷಕ್ಕೆ 776 ಪೌಂಡಿನ ಲೆಕ್ಕದಲ್ಲಿ ಮುಂಗಡವಾಗಿಯೇ ಕಟ್ಟಬೇಕು. ಇದಕ್ಕೆಲ್ಲ ಎಷ್ಟೋ ಮನೆಗಳಲ್ಲಿ ಮನೆಯ ಪತ್ರ ಬ್ಯಾಂಕಿನ ಕಪಾಟು ಸೇರಿರುತ್ತದೆ. ಇದನ್ನು ಬಲ್ಲ ಮಗು ಅಲ್ಲಿ ಇಳಿದ ವಾರದಲ್ಲೇ ಕೆಲಸ ಹುಡುಕುತ್ತದೆ. ಹೋಟೆಲಿನ ಅಡುಗೆಮನೆ, ಗೋದಾಮು, ವೃದ್ಧಾಶ್ರಮ, ಎಲ್ಲಿ ಸಿಕ್ಕರೆ ಅಲ್ಲಿ. ಇದರಲ್ಲಿ ಕಳ್ಳತನವೇನೂ ಇಲ್ಲ. ಪದವಿಗೆ ಓದುವವರು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಅಲ್ಲಿನ ಕಾನೂನೇ ಒಪ್ಪುತ್ತದೆ. 21 ತುಂಬಿದವರಿಗೆ ಗಂಟೆಗೆ ಕನಿಷ್ಠ 12.21 ಪೌಂಡು ಕೊಡಬೇಕೆಂದು 2025ರ ಏಪ್ರಿಲಿನಲ್ಲಿ ನಿಗದಿ ಮಾಡಿದ್ದರು.

ಹಾಗಾದರೆ ಈ ಮುಚ್ಚುಮರೆ ಏಕೆ?

ನನ್ನ ಹತ್ತಿರ ಹೈಸ್ಕೂಲಿನಲ್ಲಿ ಓದಿದ ಹುಡುಗನೊಬ್ಬ ಅಲ್ಲಿಂದ ಫೋನು ಮಾಡಿದ್ದ. ಹೋಟೆಲೊಂದರಲ್ಲಿ ತಟ್ಟೆ ತೊಳೆಯುವ ಕೆಲಸ. ಮೊದಮೊದಲು ಇಪ್ಪತ್ತು ಗಂಟೆ. ಆಮೇಲೆ ಮಾಲೀಕ ಮೂವತ್ತು ಗಂಟೆ ನಿಲ್ಲಿಸಿಕೊಂಡು, ಹೆಚ್ಚಿನ ಹೊತ್ತಿಗೆ ಲೆಕ್ಕ ಬರೆಯದೆ ಅರೆಗೂಲಿಯನ್ನು ಕೈಗೆ ತುರುಕುತ್ತಿದ್ದನಂತೆ. ದೂರು ಕೊಟ್ಟರೆ ಗಂಟೆ ಮೀರಿ ದುಡಿದದ್ದಕ್ಕೆ ತನ್ನ ವೀಸಾಕ್ಕೇ ಕುತ್ತು. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ತರಗತಿಗೆ ಹೋದರೆ ಕಣ್ಣು ಎಳೆಯುತ್ತದೆ. ಅಲ್ಲಿ ನಮ್ಮ ಹಾಗೆ ಗೈಡು ಉರು ಹೊಡೆದು ಬರೆಯುವಂತಿಲ್ಲ. ನಾಲ್ಕು ಪುಸ್ತಕ ಓದಿ ಸ್ವಂತ ಮಾತಿನಲ್ಲಿ ಬರೆಯಬೇಕು. ಪುಸ್ತಕದ ಸಾಲನ್ನು ಹೇಳದೆ ಎತ್ತಿದರೆ ಅದು ಕಳವು, ಅಂಕ ಹೋಗುತ್ತದೆ. ಎಲ್ಲ ಹೇಳಿ ಕೊನೆಗೆ ಹುಡುಗ ಅಂದದ್ದಿಷ್ಟು: "ಟೀಚರ್, ಅಮ್ಮನ ಹತ್ರ ಹೇಳ್ಬೇಡಿ. ಲೈಬ್ರರೀಲಿ ಕೆಲಸ ಅಂತ ಹೇಳಿದೀನಿ."

ಸಾವಿರಾರು ಮೈಲಿ ಆಚೆ ಮೋಸ ಹೋಗುತ್ತಿರುವ ಹುಡುಗನಿಗೆ ಮಾಲೀಕನಿಗಿಂತ ಅಮ್ಮನ ಭಯ ಹೆಚ್ಚು! ಅಮ್ಮ ಹೊಡೆಯುತ್ತಾಳೆಂದಲ್ಲ, ಅಮ್ಮನಿಗೆ ಬೀದಿಯಲ್ಲಿ ಅವಮಾನವಾಗುತ್ತದೆಂದು. ಈ ಅವಮಾನವನ್ನು ಅವನಿಗೆ ಕಲಿಸಿದವರು ಯಾರು? ಇಂಗ್ಲಿಷರಲ್ಲ. ಉಂಡ ತಟ್ಟೆ ಎತ್ತಲು ಹೋದ ಗಂಡುಮಗನಿಗೆ "ಬಿಡೋ, ನಿನಗ್ಯಾಕೆ ಅದು, ನಿನ್ನ ತಂಗಿ ಎತ್ತುತ್ತಾಳೆ" ಎನ್ನುವ ನಮ್ಮ ಮನೆಗಳು. ಮುಸುರೆ ತಿಕ್ಕಲು ಬರುವವಳಿಗೆ ಬೇರೆ ಲೋಟದಲ್ಲಿ ಕಾಫಿ ಕೊಡುವ ನಮ್ಮ ಹಿತ್ತಿಲ ಬಾಗಿಲುಗಳು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹೇಳುವುದೇನೋ ಹೇಳುತ್ತೇವೆ. ಕೆಸರು ಮಾತ್ರ ಬೇರೆಯವರ ಕೈಗೇ ಇರಬೇಕು!

1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದ ಗಾಂಧೀಜಿ ಖರ್ಚು ಹಿಡಿಯಲೆಂದು ಒಂದೇ ಕೋಣೆಗೆ ಬಂದು, ಸ್ಟೌವಿನ ಮೇಲೆ ಬೆಳಗಿನ ಗಂಜಿಯನ್ನು ತಾವೇ ಬೇಯಿಸಿಕೊಂಡರು. ಅದನ್ನು ಆತ್ಮಕಥೆಯಲ್ಲಿ ಬರೆದುಕೊಳ್ಳಲು ಅವರು ನಾಚಲಿಲ್ಲ. ಅವರಿಗಿಲ್ಲದ ನಾಚಿಕೆ ನಮ್ಮ ಮಕ್ಕಳಿಗೆ ಏಕೆ?

ಮಕ್ಕಳನ್ನು ಕಳಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಲಿ, ಲೋಕ ನೋಡಲಿ. ಹೆಣ್ಣುಮಕ್ಕಳಂತೂ ಖಂಡಿತ ಹೋಗಲಿ. ಆದರೆ ಸಾರಿನಪುಡಿ, ಚಟ್ನಿಪುಡಿಯ ಜೊತೆಗೆ ನಮ್ಮ ಪ್ರತಿಷ್ಠೆಯನ್ನೂ ಪೆಟ್ಟಿಗೆಗೆ ತುಂಬಿ ಕಳಿಸುವುದು ಬೇಡ. ಕಷ್ಟವೆಂದು ಬಾಯಿಬಿಟ್ಟ ಮಗುವಿಗೆ ದಾರಿಗಳಿವೆ. ಪರದೇಶದ ವಿದ್ಯಾರ್ಥಿಗಳಿಗೆ ಸಲಹೆ ಹೇಳುವವರು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇದ್ದಾರೆ, ವಿದ್ಯಾರ್ಥಿ ಸಂಘಗಳಿವೆ, ಮನಸ್ಸು ಕುಗ್ಗಿದರೆ ಮಾತಾಡಿಸುವವರೂ ಇದ್ದಾರೆ. ಹೆತ್ತವಳ ಹತ್ತಿರವೇ ಸುಳ್ಳು ಹೇಳಬೇಕಾದ ಮಗು ಆ ಬಾಗಿಲುಗಳನ್ನು ತಾನೇ ಹೇಗೆ ತಟ್ಟೀತು?

ಡಿಸೆಂಬರಿನಲ್ಲಿ ನಮಗೆ ರಾತ್ರಿ ಒಂಬತ್ತೂವರೆಯಾದಾಗ ಅಲ್ಲಿ ಸಂಜೆ ನಾಲ್ಕು, ಆಗಲೇ ಕತ್ತಲು. ಆ ಹೊತ್ತಿಗೆ ಫೋನು ಬಂದರೆ ಎಷ್ಟು ಉಳಿಸಿದೆ ಎಂದು ಕೇಳಬೇಡಿ. ಏನು ತಿಂದೆ, ಎಷ್ಟು ಗಂಟೆ ನಿಂತಿದ್ದೆ, ಕೂಲಿ ಸರಿಯಾಗಿ ಕೊಟ್ಟರೆ ಎಂದು ಕೇಳಿ. ತೀರಾ ಆಗದಿದ್ದರೆ ಬಂದುಬಿಡು, ಸಾಲ ಹೇಗೋ ತೀರಿಸೋಣ ಎನ್ನಿ. ಇನ್ನೂ ಕಳಿಸದೆ ಇರುವ ತಾಯಂದಿರು ಇವತ್ತು ರಾತ್ರಿಯ ಊಟವಾದ ಮೇಲೆ ಮಗನ ಕೈಗೆ ಪಾತ್ರೆ ತಿಕ್ಕುವ ನಾರು ಕೊಡಿ. ನೆಂಟರು ಬಂದಿದ್ದರೆ ಇನ್ನೂ ಒಳ್ಳೆಯದು, ಅವರೆದುರಿಗೇ ಕೊಡಿ.