ಬೀಸುಕಲ್ಲಿನ ಪದ



ಬಿಜಾಪುರಕ್ಕೆ ಹೋದವರು ಗೋಳಗುಮ್ಮಟದಲ್ಲಿ ಕೂಗಿ ತಮ್ಮ ದನಿ ತಾವೇ ಕೇಳಿ ಬರ್ತಾರೆ. ಅದು 1656ರಲ್ಲಿ ಸತ್ತ ದೊರೆಯ ಗೋರಿ. ನಾವು ಶಾಹಪುರ ದಿಬ್ಬಕ್ಕೂ ಹೋಗೋಣ. ಅಲ್ಲಿ ಸೂಫಿಗಳ ಮೂರು ತಲೆಮಾರು ಮಲಗಿದೆ: ಮೀರಾಂಜಿ, ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್.

ಪಾರಸಿ ಬಲ್ಲವರಾದರೂ ಇವರು ಜನರ ದಖನಿಯಲ್ಲಿ ಬರೆದರು. ಬಿಜಾಪುರದ ಸೂಫಿಗಳು ಬೀಸುವ ಹೆಂಗಸರಿಗೆ ‘ಚಕ್ಕಿನಾಮಾ’ ಕಟ್ಟಿಕೊಟ್ಟರು. ಬೀಸುಕಲ್ಲಿನ ಗೂಟದಲ್ಲೇ ಅಲ್ಲಾಹನ ಮೊದಲ ಅಕ್ಷರ ಅಲಿಫ್ ತೋರಿಸಿದರು. ನಮ್ಮವ್ವನೂ ಬೀಸುತ್ತ ಹಾಡಿದವಳೇ.

ಒಂದು ಮಾತು ಮರೆಯಬಾರದು. ದರ್ಗಾಗಳಿಗೆ ಸುಲ್ತಾನರ ಇನಾಮು ಭೂಮಿ ಬಂತು, ಸಂತರ ವಂಶದವರೂ ಜಮೀನುದಾರರಾದರು. ಕಲಿತವರು ದೂರಾಗೋದು ಹೀಗೇ.

ಹಾಸ್ಟೆಲಿನಲ್ಲಿ ಓದಿದ್ದನ್ನು ನಾವು ಅವ್ವನ ಮಾತಿನಲ್ಲಿ ಅವಳಿಗೆ ಹೇಳಬಲ್ಲೆವಾ? ರಜೆಗೆ ಊರಿಗೆ ಹೋದಾಗ ನಮಗದೇ ಪರೀಕ್ಷೆ.