ಸಾಹೇಬರು ಅಂಗಡಿಗೆ ಬಂದಾಗ

ನಮ್ಮ ಡಫಳಾಪುರದಂಥ ಗಡಿಯೂರುಗಳಲ್ಲಿ ಉದ್ಯೋಗವೆಂದರೆ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಹೊಲಿಗೆಯ ಅಂಗಡಿ, ಚಹದ ಹೋಟೆಲು. ಮಾಲಕನೊಬ್ಬ, ಕೆಲಸದವರು ಇಬ್ಬರು. ಇಂಥಲ್ಲಿ ಸರಕಾರದ ಮನುಷ್ಯನೊಬ್ಬನು ಕಾಲಿಟ್ಟನೆಂದರೆ, ತಪ್ಪಿರಲಿ ಇಲ್ಲದಿರಲಿ, ಮಾಲಕನ ಕೈ ಮೊದಲು ಗಲ್ಲಾಪೆಟ್ಟಿಗೆಯ ಕಡೆಗೆ ಹೋಗುತ್ತದೆ. 1917ರವರೆಗೆ ಇದೊಂದು ಪುಟ್ಟ ಸಂಸ್ಥಾನವಾಗಿತ್ತು. ಕಾರಕೂನನ ಅಂಜಿಕೆ ಅಂದಿನಿಂದ ಉಳಿದುಕೊಂಡಿತೋ ಏನೋ ಎಂದು ನಮಗೆ ಒಮ್ಮೊಮ್ಮೆ ಅನಿಸುವುದುಂಟು.

ಅಧಿಕಾರಿಯನ್ನು ಅಡ್ಡಗಟ್ಟಬೇಕೆಂದು ನಾವು ಹೇಳುತ್ತಿಲ್ಲ, ಅದು ಅಪರಾಧ. ಆದರೆ ತಾವು ಯಾರು, ಯಾವ ಕಾಯದೆಯ ಮೇರೆಗೆ ಬಂದಿರಿ, ಗುರುತಿನ ಚೀಟಿ ತೋರಿಸುವಿರಾ ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಕಾಯದೆಯಂತೂ ಇನ್‌ಸ್ಪೆಕ್ಟರ್ ಎಂಬ ಹೆಸರನ್ನೇ ಕೈಬಿಟ್ಟು, ಸೌಕರ್ಯ ಮಾಡಿಕೊಡುವವನು ಎಂಬರ್ಥದ ಹೆಸರನ್ನು ಅವನಿಗೆ ಕೊಟ್ಟಿದೆ. ಕೆಲವೇ ಕೆಲಸಗಾರರಿರುವ ಸಣ್ಣ ಅಂಗಡಿಗೆ ಆ ಕಾಯದೆಯಲ್ಲಿ ನೋಂದಣಿಯೇ ಬೇಕಿಲ್ಲ. ಆರಂಭಿಸಿದ 60 ದಿನಗಳೊಳಗೆ ಸೂಚನೆ ಕೊಟ್ಟರೆ ಸಾಕು. ಆ ಸೂಚನೆಯ ಪಾವತಿಯನ್ನು ಗೋಡೆಗೆ ತೂಗುಹಾಕಿದವನಿಗೆ ಅರ್ಧ ಅಂಜಿಕೆ ಅಲ್ಲಿಯೇ ಇಳಿಯುತ್ತದೆ. ವಿದ್ಯುತ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸುವುದನ್ನು ಮಾತ್ರ ಮರೆಯಲಾಗದು.

ತಿನ್ನುವ ಪದಾರ್ಥಗಳ ವಿಷಯವನ್ನು ತುಸು ಬಿಡಿಸಿ ಹೇಳಬೇಕು. 2006ರ ಆಹಾರ ಸುರಕ್ಷತಾ ಕಾಯದೆಯಂತೆ ಅಧಿಕಾರಿಯು ಎಣ್ಣೆಯದೋ ಖಾರಪುಡಿಯದೋ ಮಾದರಿಯನ್ನು ಒಯ್ಯುವಾಗ ಪೇಟೆಯ ದರದಂತೆ ಅದರ ಬೆಲೆಯನ್ನು ಕೊಡಬೇಕು. ಲಿಖಿತ ನೋಟೀಸು ಕೊಟ್ಟು, ಸಾಕ್ಷಿಯನ್ನು ಕರೆದು, ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗವು ಸರಕಾರದ ಪರೀಕ್ಷಕನಿಗೆ, ಎರಡು ಮೇಲಧಿಕಾರಿಯ ವಶಕ್ಕೆ. ನಾಲ್ಕನೆಯ ಭಾಗವನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಶಾಲೆಗೆ ಕಳಿಸಿರೆಂದು ಅಂಗಡಿಕಾರನು ಕೇಳಬಹುದು. ಕೇಳಿದರೇ ಅದು ಸಿಗುವುದು. ಸಕಾರಣವಿಲ್ಲದೆ ಪೀಡಿಸುವ ಸಲುವಾಗಿ ಸರಕನ್ನು ಜಪ್ತು ಮಾಡಿದ ಅಧಿಕಾರಿಗೇ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನು ಅದೇ ಕಾಯದೆ ಹೇಳಿದೆ. ಜಿ.ಎಸ್.ಟಿ.ಯವರು ಝಡತಿಗೆ ಬಂದರೆ ಜಂಟಿ ಆಯುಕ್ತರು ಅಥವಾ ಅವರಿಗೂ ಮೇಲಿನವರು ಕೊಟ್ಟ ಲಿಖಿತ ಅಪ್ಪಣೆ ಇರಬೇಕು. ಇಲ್ಲಿ ಗಡಿಯವರಿಗೊಂದು ಎಚ್ಚರಿಕೆ: ವರ್ಷದ ವ್ಯಾಪಾರ 40 ಲಕ್ಷ ಮುಟ್ಟದ ಸರಕಿನ ಅಂಗಡಿಗೆ ಸಾಮಾನ್ಯವಾಗಿ ನೋಂದಣಿ ಬೇಡವೆಂಬುದು ನಿಜ, ಆದರೆ ಅದೇ ಸರಕನ್ನು ಅಥಣಿಯ ವ್ಯಾಪಾರಿಗೆ ಮಾರಿ ಕಳಿಸಿದರೆ ಅದು ಪರರಾಜ್ಯದ ವ್ಯಾಪಾರ, ಆ ರಿಯಾಯತಿ ಸಿಗದು.

ಹಣದ ಮಾತು ಬಂದಾಗ ಏನು ಮಾಡಬೇಕೆಂದು ನಮ್ಮನ್ನು ಹಲವರು ಕೇಳುತ್ತಾರೆ. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನಗಳೊಳಗೆ ದೂರು ಕೊಡಬೇಕು; ಆಗ ರಕ್ಷಣೆಯುಂಟು. ಮಹಾರಾಷ್ಟ್ರದಲ್ಲಿ ಲಂಚ ಪ್ರತಿಬಂಧಕ ಖಾತೆಯ ಫೋನು 1064.

ಇವೆಲ್ಲಕ್ಕಿಂತ ನಮ್ಮನ್ನು ಕಾಡುವುದು ಭಾಷೆಯ ತೊಡಕು. ಪಂಚನಾಮೆ ಮರಾಠಿಯಲ್ಲಿ, ಸಹಿ ಹಾಕುವ ಕೈ ಕನ್ನಡದ್ದು. ಮರಾಠಿಯನ್ನು ಸಲೀಸಾಗಿ ಮಾತಾಡುವವನಿಗೂ ಕಚೇರಿಯ ಮರಾಠಿ ತಿಳಿಯಬೇಕೆಂದಿಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದರೆ ಅವಳಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಮಾಡಬೇಕು. ಬರೆದುದು ಒಪ್ಪಿಗೆಯಾಗದಿದ್ದರೆ ಸಹಿಯ ಕೆಳಗೆ ತನ್ನ ಮಾತನ್ನು ಕನ್ನಡದಲ್ಲಿಯೇ ಬರೆದು, ಪ್ರತಿಯನ್ನು ಕೇಳಿ ಪಡೆಯಬೇಕು. ಮುಂದೆ ಮೇಲಧಿಕಾರಿಗೆ ಅಹವಾಲು ಕೊಡುವಾಗಲೂ ಅನ್ಯರ ಕೈಯಲ್ಲಿ ಬರೆಸುವ ಅವಶ್ಯಕತೆಯಿಲ್ಲ. ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಲು ಪ್ರತಿಯೊಬ್ಬನಿಗೂ ಸಂವಿಧಾನದ 350ನೆಯ ಅನುಚ್ಛೇದವು ಹಕ್ಕು ಕೊಟ್ಟಿದೆ. ಜತ್ತದ ಕಚೇರಿಯಲ್ಲಿ ಕನ್ನಡದ ಅರ್ಜಿಯನ್ನು ಕೊಡುವಾಗ ಆ ಅನುಚ್ಛೇದದ ಸಂಖ್ಯೆಯನ್ನು ಮೇಲ್ಗಡೆಯೇ ಬರೆದಿರಬೇಕು, ಎರಡನೆಯ ಪ್ರತಿಯ ಮೇಲೆ ತಾರೀಖು ಸಹಿತ ಕಚೇರಿಯ ಶಿಕ್ಕೆ ಹಾಕಿಸಿಕೊಂಡು ಬರಬೇಕು.